ಬಳ್ಳಾರಿಯಲ್ಲಿ ಓದಿದ ಕೆನ್ಯಾದ ಉಪಾಧ್ಯಕ್ಷ

ಆರೋಗ್ಯ ಸರಿಯಿಲ್ಲ ಎಂದು ರಾಜಕಾರಣಿಯೊಬ್ಬ ರಾಜೀನಾಮೆ ಕೊಟ್ಟರೆ ನಮ್ಮಲ್ಲಿ ಚಹಾ ಅಂಗಡಿಯವನೂ ನಂಬುವುದಿಲ್ಲ. ಹೈಕಮಾಂಡ್ ಕಿವಿ ಹಿಂಡಿರಬೇಕು, ಇಲ್ಲವೇ ಯಾವುದೋ ಫೈಲು ಹೊರಗೆ ಬರುವುದರಲ್ಲಿದೆ ಎಂದೇ ಲೆಕ್ಕ ಹಾಕುತ್ತಾನೆ. 1966ರ ಕೊನೆಯಲ್ಲಿ ಕೆನ್ಯಾದ ಉಪಾಧ್ಯಕ್ಷ ಜೋಸೆಫ್ ಮುರುಂಬಿ ಇಂಥದೇ ಕಾರಣ ಕೊಟ್ಟು ಕುರ್ಚಿ ಬಿಟ್ಟರು. ಅವರ ವಿಷಯದಲ್ಲಿ ಫೈಲೂ ಇರಲಿಲ್ಲ, ಕಿವಿ ಹಿಂಡಿದವರೂ ಇರಲಿಲ್ಲ. ವಯಸ್ಸು 55. ಉಪಾಧ್ಯಕ್ಷರಾಗಿ ಇನ್ನೂ ಒಂದು ವರ್ಷವೂ ಆಗಿರಲಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದು ಮೂರೇ ವರ್ಷ. ಅಧ್ಯಕ್ಷ ಜೋಮೊ ಕೆನ್ಯಾಟಾ ಅವರಿಗೆ ಆಗಲೇ ಸಾಕಷ್ಟು ವಯಸ್ಸಾಗಿತ್ತು. ಆ ಕುರ್ಚಿಯಲ್ಲಿ ತೆಪ್ಪಗೆ ಕೂತಿದ್ದರೆ ಮುಂದೆ ಏನು ಬೇಕಾದರೂ ಆಗಬಹುದಿತ್ತು. ಅವರು ಬಿಟ್ಟ ಜಾಗಕ್ಕೆ 1967ರ ಜನವರಿಯಲ್ಲಿ ಬಂದು ಕೂತ ಡೇನಿಯಲ್ ಅರಪ್ ಮೊಯ್, ಕೆನ್ಯಾಟಾ ತೀರಿಕೊಂಡ ಮೇಲೆ 24 ವರ್ಷ ದೇಶ ಆಳಿದರು.

ಮುರುಂಬಿ ಆ ಕುರ್ಚಿಯಿಂದ ಎದ್ದು ಹೋಗಿ ಸೇರಿದ್ದು ಒಂದು ಸಿಗರೇಟು ಕಂಪನಿಯನ್ನು.

ಈ ಹೆಸರು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಗೊತ್ತಿರಬೇಕಿತ್ತು, ಏಕೆಂದರೆ ಈ ಮನುಷ್ಯ ಓದಿದ್ದು ನಮ್ಮ ಬೆಂಗಳೂರು ಮತ್ತು ಬಳ್ಳಾರಿಯಲ್ಲಿ.

ಅವರು ಹುಟ್ಟಿದ್ದು 1911ರ ಜೂನ್ 18ರಂದು, ಕೆನ್ಯಾದ ರಿಫ್ಟ್ ಕಣಿವೆಯ ಎಲ್ಡಾಮಾ ರವೀನ್ ಕಡೆ. ಅಪ್ಪ ಪೀಟರ್ ಜುಜಾರ್ಟೆ ಗೋವಾದಿಂದ ಹೋಗಿ ಅಲ್ಲಿ ವ್ಯಾಪಾರ ಮಾಡಿಕೊಂಡಿದ್ದವರು. ಅಮ್ಮ ಮಾಸಾಯಿ ಬುಡಕಟ್ಟಿನವರು. ದನವೇ ಆಸ್ತಿ ಎಂದು ಬದುಕುವ ಆ ಸಮುದಾಯದಲ್ಲಿ ಮದ್ದು, ಶಕುನ ಎರಡನ್ನೂ ಬಲ್ಲ ಹಿರಿಯರನ್ನು ಲೈಬಾನ್ ಎನ್ನುತ್ತಾರೆ. ಅಮ್ಮನದು ಅಂಥ ಮನೆತನ. ಹುಡುಗನನ್ನು ಓದಿಗೆಂದು ಅಪ್ಪ ಹಡಗು ಹತ್ತಿಸಿ ಭಾರತಕ್ಕೆ ಕಳಿಸಿದರು. ಬೆಂಗಳೂರಿನ ಗುಡ್ ಶೆಫರ್ಡ್ ಕಾನ್ವೆಂಟ್, ಅಲ್ಲಿಂದ ಸೇಂಟ್ ಜೋಸೆಫ್ಸ್ ಹೈಸ್ಕೂಲು, ಮತ್ತೆ ಬಳ್ಳಾರಿಯ ಸೇಂಟ್ ಪ್ಯಾಂಕ್ರಾಸ್ ಯುರೋಪಿಯನ್ ಬಾಯ್ಸ್ ಹೈಸ್ಕೂಲು. ಬಳ್ಳಾರಿ ಎಂದರೆ ಈಗ ಗಣಿ ನೆನಪಾಗುತ್ತದೆ, ಗಣಿ ಎಂದರೆ ಇನ್ನೇನೇನೋ ನೆನಪಾಗುತ್ತದೆ. ಆಗ ಅದು ಮದರಾಸು ಪ್ರಾಂತ್ಯಕ್ಕೆ ಸೇರಿದ್ದ, ದಂಡಿಗೆ ಹೆಸರಾದ ಬಿಸಿಲೂರು. ಅರ್ಧ ಗೋವಾ, ಅರ್ಧ ಮಾಸಾಯಿ ಆಗಿದ್ದ ಈ ಹುಡುಗ ಯುರೋಪಿಯನ್ ಎಂಬ ಬೋರ್ಡಿನ ಶಾಲೆಯಲ್ಲಿ ಬೆಳೆದ. ಯಾರು ಯಾವ ಸಾಲಿನಲ್ಲಿ ಕೂರಬೇಕು ಎಂದು ಮೊದಲೇ ಬರೆದಿಟ್ಟ ಪ್ರಪಂಚ ಎಂಥದು ಎಂಬುದು ಅವನಿಗೆ ಅಲ್ಲಿಯೇ ತಿಳಿದಿರಬೇಕು.

1930ರ ದಶಕದ ಆರಂಭದಲ್ಲಿ ಕೆನ್ಯಾಕ್ಕೆ ಮರಳಿದಾಗ ಅಲ್ಲಿಯೂ ಅದೇ ಸಾಲು. ಮೇಲೆ ಬಿಳಿಯರು, ನಡುವೆ ಏಷ್ಯನ್ನರು, ಕೆಳಗೆ ಆಫ್ರಿಕನ್ನರು. ಸಂಬಳ, ಮನೆ, ಆಸ್ಪತ್ರೆ, ಎಲ್ಲವೂ ಆ ಲೆಕ್ಕದಲ್ಲೇ. ಜೋಸೆಫ್ ಜುಜಾರ್ಟೆ ಎಂಬ ಹೆಸರು ಇಟ್ಟುಕೊಂಡು ಗೋವಾದವನಾಗಿ ಉಳಿದಿದ್ದರೆ ನಡುವಿನ ಮೆಟ್ಟಿಲು ಖಾತ್ರಿಯಾಗಿತ್ತು. ಅವರು ಮುಂದೆ ಅಮ್ಮನ ಮನೆತನದ ಹೆಸರನ್ನು ತೆಗೆದುಕೊಂಡು ಮುರುಂಬಿ ಆದರು, ಆಫ್ರಿಕನ್ ಎಂದೇ ಗುರುತಿಸಿಕೊಂಡರು. ಮೇಲಿನ ಮೆಟ್ಟಿಲಿಗೆ ಹೋಗಲು ಜಾತಿ ಪ್ರಮಾಣಪತ್ರ ತಿದ್ದಿಸುವವರನ್ನು ನಾವು ಕಂಡಿದ್ದೇವೆ. ಕೆಳಗಿನ ಮೆಟ್ಟಿಲಿಗೆ ತಾವಾಗಿ ಇಳಿದವರು ಅಪರೂಪ.

ಗುಮಾಸ್ತಿಕೆ, ಆಮೇಲೆ ಸೊಮಾಲಿಯಾದಲ್ಲಿ ಬ್ರಿಟಿಷ್ ಆಡಳಿತದಲ್ಲಿ ಸುಮಾರು 10 ವರ್ಷ ನೌಕರಿ. ಆ ಕಾಲದ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಕಥೆ ಶುರುವಾಗುವುದು ಅವರು ನೈರೋಬಿಗೆ ಹಿಂದಿರುಗಿದ ಮೇಲೆ, 1952ರಲ್ಲಿ. ಅಲ್ಲಿ ಅವರಿಗೆ ಸಿಕ್ಕ ಗೆಳೆಯನ ಹೆಸರು ಪಿಯೊ ಗಾಮಾ ಪಿಂಟೊ.

ಪಿಂಟೊ ಕೂಡ ಗೋವಾ ಮೂಲದವರು, ಹುಟ್ಟಿದ್ದು ನೈರೋಬಿಯಲ್ಲಿ, ಮುರುಂಬಿಗಿಂತ 16 ವರ್ಷ ಚಿಕ್ಕವರು. ಅವರನ್ನೂ ಎಳವೆಯಲ್ಲೇ ಓದಲು ಭಾರತಕ್ಕೆ ಕಳಿಸಿದ್ದರು. ಗೋವಾದಲ್ಲಿ ಮೆಟ್ರಿಕ್ ಮುಗಿಸಿ ಎರಡು ವರ್ಷ ಓದಿದ್ದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ! ಆಮೇಲೆ ಮುಂಬೈಯಲ್ಲಿ ಅಂಚೆ ಮತ್ತು ತಂತಿ ಇಲಾಖೆ ಸೇರಿದರು, ಮುಷ್ಕರದಲ್ಲಿ ಕೂತರು, ಗೋವಾ ವಿಮೋಚನೆಯ ಚಳವಳಿಗೆ ಇಳಿದರು. ಪೋರ್ಚುಗೀಸರು ಹಿಡಿಯುತ್ತಾರೆ ಎನ್ನುವಾಗ 1949ರಲ್ಲಿ ಕೆನ್ಯಾಕ್ಕೆ ವಾಪಸು ಹೋದರು. ಹೀಗೆ ಬಳ್ಳಾರಿಯಲ್ಲಿ ಓದಿದ ಒಬ್ಬರು, ಧಾರವಾಡದಲ್ಲಿ ಓದಿದ ಇನ್ನೊಬ್ಬರು ನೈರೋಬಿಯಲ್ಲಿ ಜೊತೆಯಾದರು. ಮುರುಂಬಿಯನ್ನು ರಾಜಕೀಯಕ್ಕೆ ಎಳೆದದ್ದು ಪಿಂಟೊ.

ಆಗಿನ ಕೆನ್ಯಾದ ರಾಜಕೀಯವೆಂದರೆ ಭೂಮಿಯ ರಾಜಕೀಯ. ತಂಪು ಹವೆಯ, ಫಲವತ್ತಾದ ಎತ್ತರದ ನೆಲವನ್ನು ಬ್ರಿಟಿಷ್ ಸರ್ಕಾರ ಬಿಳಿಯ ರೈತರಿಗೆಂದೇ ಮೀಸಲಿಟ್ಟಿತ್ತು. ಅದಕ್ಕೆ ವೈಟ್ ಹೈಲ್ಯಾಂಡ್ಸ್ ಎಂದೇ ಹೆಸರು. ಕಿಕುಯು ಜನ ತಮ್ಮದೇ ಸೀಮೆಯಲ್ಲಿ ಕೂಲಿಗಳಾದರು. ಆ ಸಿಟ್ಟು ಮಾವ್ ಮಾವ್ ಎಂಬ ಸಶಸ್ತ್ರ ಹೋರಾಟವಾಗಿ ಎದ್ದಾಗ ಸರ್ಕಾರ 1952ರ ಅಕ್ಟೋಬರ್ 20ರಂದು ತುರ್ತು ಪರಿಸ್ಥಿತಿ ಹೇರಿತು. ಕೆನ್ಯಾ ಆಫ್ರಿಕನ್ ಯೂನಿಯನ್ ಪಕ್ಷದ ನಾಯಕ ಕೆನ್ಯಾಟಾ ಮತ್ತು ಜೊತೆಗಾರರನ್ನು ರಾತ್ರೋರಾತ್ರಿ ಹಿಡಿದು, ಕಪೆಂಗುರಿಯ ಎಂಬ ಮೂಲೆಯ ಊರಿನಲ್ಲಿ ವಿಚಾರಣೆ ನಡೆಸಿತು. ನಾಯಕರೆಲ್ಲ ಒಳಗೆ ಹೋದಾಗ ಪಕ್ಷದ ಹಂಗಾಮಿ ಪ್ರಧಾನ ಕಾರ್ಯದರ್ಶಿಯ ಹೊಣೆ ಬಿದ್ದದ್ದು ರಾಜಕೀಯಕ್ಕೆ ಆಗಷ್ಟೇ ಬಂದಿದ್ದ ಮುರುಂಬಿಯ ಹೆಗಲಿಗೆ.

ಅವರು ಮತ್ತು ಪಿಂಟೊ ಸೇರಿ ಮಾಡಿದ ದೊಡ್ಡ ಕೆಲಸವೆಂದರೆ ವಕೀಲರನ್ನು ಹೊಂದಿಸಿದ್ದು. ಲಂಡನ್ನಿನಿಂದ ಡಿ.ಎನ್. ಪ್ರಿಟ್ ಬಂದರು. ದೆಹಲಿಯಿಂದ ನೆಹರೂ ಅವರ ಕಾಳಜಿಯಿಂದಾಗಿ ದಿವಾನ್ ಚಮನ್ ಲಾಲ್ ಬಂದರು. ನೈಜೀರಿಯಾದಿಂದ ಒಬ್ಬರು, ನೈರೋಬಿಯ ಭಾರತೀಯ ಮೂಲದ ವಕೀಲರು ಕೆಲವರು. ಅಷ್ಟೆಲ್ಲ ಆದರೂ ತೀರ್ಪು ಮೊದಲೇ ಸಿದ್ಧವಾಗಿತ್ತು. ನ್ಯಾಯಾಧೀಶ ಥ್ಯಾಕರ್‌ಗೆ ಸರ್ಕಾರ ಗುಟ್ಟಾಗಿ 20,000 ಪೌಂಡ್ ಕೊಟ್ಟಿತ್ತು. ಮುಖ್ಯ ಸಾಕ್ಷಿ ರಾಸನ್ ಮಚಾರಿಯ ತನಗೆ ಆಮಿಷ ತೋರಿಸಿ ಸುಳ್ಳು ಹೇಳಿಸಿದರು ಎಂದು 1958ರಲ್ಲಿ ತಾನೇ ಒಪ್ಪಿಕೊಂಡ. ಆಫ್ರಿಕದ ಭ್ರಷ್ಟಾಚಾರದ ಬಗ್ಗೆ ಮಾತು ಬಂದಾಗಲೆಲ್ಲ ಅದು ಅಲ್ಲಿನವರ ರಕ್ತದಲ್ಲೇ ಇದೆ ಎಂಬಂತೆ ಮಾತಾಡುವವರು ಈ ರಶೀದಿಯನ್ನು ಒಮ್ಮೆ ನೋಡಬೇಕು. ಸ್ವತಂತ್ರ ಕೆನ್ಯಾದ ಆಳುವವರಿಗೆ ಪಾಠ ಹೇಳಿಕೊಟ್ಟ ಮೇಷ್ಟ್ರು ಯಾರು ಎಂದು ಗೊತ್ತಾಗುತ್ತದೆ.

ಕೆನ್ಯಾಟಾಗೆ 7 ವರ್ಷ ಕಠಿಣ ಶಿಕ್ಷೆಯಾಯಿತು. 1953ರಲ್ಲಿ ಪಕ್ಷ ನಿಷೇಧವಾಯಿತು. ಮುರುಂಬಿ ಅಷ್ಟರಲ್ಲಿ ದೇಶ ಬಿಟ್ಟಿದ್ದರು. ಭಾರತ, ಕೈರೋ, ಕೊನೆಗೆ ಲಂಡನ್. 9 ವರ್ಷ ಅಲ್ಲಿಯೇ ಉಳಿದರು. ಹಗಲು ಹೊಟ್ಟೆಪಾಡಿನ ಕೆಲಸ. ಕೆಲಕಾಲ ಮೊರಾಕೊ ದೇಶದ ರಾಯಭಾರ ಕಚೇರಿಯಲ್ಲಿದ್ದರು. ಉಳಿದ ಹೊತ್ತು ಫೆನ್ನರ್ ಬ್ರಾಕ್ವೇ ಕಟ್ಟಿದ ವಸಾಹತು ವಿಮೋಚನಾ ಸಂಘಟನೆಯ ಕಾರ್ಯದರ್ಶಿ ಕೆಲಸ. ಕೆನ್ಯಾದ ಬಂಧನ ಶಿಬಿರಗಳಲ್ಲಿ ಏನಾಗುತ್ತಿದೆ ಎಂಬುದನ್ನು ಬ್ರಿಟಿಷ್ ಸಂಸದರ ಮೇಜಿಗೆ ತಲುಪಿಸುತ್ತಾ ಇದ್ದರು. ಅಲ್ಲಿ ಶೀಲಾ ಎಂಬ ಇಂಗ್ಲಿಷ್ ಮಹಿಳೆಯ ಜೊತೆ ಬಾಳು ಕಟ್ಟಿಕೊಂಡರು. ಹಳೆಯ ಪುಸ್ತಕದಂಗಡಿಗಳ ಹುಚ್ಚೂ ಹತ್ತಿತು. ಆಫ್ರಿಕದ ಬಗ್ಗೆ ಯಾರು ಏನೇ ಬರೆದಿರಲಿ, ಕಿಸೆಯಲ್ಲಿ ಇದ್ದಷ್ಟು ಕೊಟ್ಟು ಕೊಳ್ಳುವುದು. ಅಂಚೆಚೀಟಿ, ನಕ್ಷೆ, ಶಿಲ್ಪ, ಬಟ್ಟೆ, ಎಲ್ಲವನ್ನೂ. ಈ ಹುಚ್ಚು ಮುಂದೆ ಅವರ ಬದುಕಿನ ದೊಡ್ಡ ಸಂಗತಿಯಾಯಿತು, ದೊಡ್ಡ ದುಃಖವೂ.

ಇತ್ತ ಪಿಂಟೊ ಜೈಲಿನಲ್ಲಿದ್ದರು. 1954ರ ಜನವರಿಯಲ್ಲಿ ಮದುವೆಯಾಗಿ ಐದು ತಿಂಗಳಿಗೆ ಅವರನ್ನು ಹಿಡಿದು, ಮಾವ್ ಮಾವ್ ಬಂದಿಗಳ ಜೊತೆ ಮಾಂಡಾ ದ್ವೀಪದಲ್ಲಿಟ್ಟರು. 1959ರವರೆಗೆ ಬಿಡಲಿಲ್ಲ.

ಮುರುಂಬಿ 1962ರಲ್ಲಿ ತಾಯ್ನಾಡಿಗೆ ಬಂದರು. 1963ರ ಡಿಸೆಂಬರ್ 12ರಂದು ಕೆನ್ಯಾ ಸ್ವತಂತ್ರವಾಯಿತು. ಅವರು ಪ್ರಧಾನಿ ಕೆನ್ಯಾಟಾ ಅವರ ಕಚೇರಿಯಲ್ಲೇ ಸಚಿವರಾದರು, ಮರುವರ್ಷ ದೇಶ ಗಣರಾಜ್ಯವಾದಾಗ ವಿದೇಶಾಂಗ ಸಚಿವರಾದರು. ಹೊಸ ದೇಶಕ್ಕೆ ರಾಯಭಾರ ಕಚೇರಿಗಳನ್ನು ತೆರೆಯುವುದು, ಆಫ್ರಿಕದ ಸಭೆಗಳಲ್ಲಿ ಮಾತಾಡುವುದು, ಇದರಲ್ಲಿ ಅವರಿಗೆ ಸಮನಾದವರು ಸಂಪುಟದಲ್ಲಿ ಕಡಿಮೆ. ಆದರೆ ಅವರು ಊರೂರು ಸುತ್ತುತ್ತಿದ್ದ ಹೊತ್ತಿನಲ್ಲಿ ಮನೆಯೊಳಗೆ ಬೇರೆಯೇ ಒಂದು ಕೆಲಸ ನಡೆಯುತ್ತಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಿಳಿಯ ರೈತರು ದೇಶ ಬಿಟ್ಟು ಹೊರಟಿದ್ದರು. ಅವರ ಭೂಮಿಯನ್ನು ಸರ್ಕಾರ ಕಸಿದುಕೊಳ್ಳಲಿಲ್ಲ. ಬ್ರಿಟನ್ ಮತ್ತು ವಿಶ್ವಬ್ಯಾಂಕಿನ ಸಾಲ ತಂದು, ಪೂರ್ತಿ ಬೆಲೆ ಕೊಟ್ಟು ಕೊಂಡಿತು. ಹತ್ತು ಲಕ್ಷ ಎಕರೆಗೂ ಮೀರಿದ ಆ ನೆಲವನ್ನು ಸುಮಾರು 35,000 ಬಡ ಕುಟುಂಬಗಳಿಗೆ ಹಂಚುವುದು ಯೋಜನೆ. ಹಂಚುವುದು ಎಂದರೆ ಪುಕ್ಕಟೆಯಲ್ಲ, ಪಡೆದವನು ಸಾಲ ತೀರಿಸಬೇಕು. ಕಾಡಿನಲ್ಲಿ ಹೋರಾಡಿ ಬಂದವನ ಹತ್ತಿರ ಮುಂಗಡ ಕಟ್ಟಲು ಎಲ್ಲಿಂದ ಬರಬೇಕು? ಹಲವರಿಗೆ ಇದ್ದ ಚೂರು ನೆಲವೂ ಹೋಗಿತ್ತು. ಅವರು ಶಿಬಿರಗಳಲ್ಲಿದ್ದಾಗಲೇ ಹಳ್ಳಿಯಲ್ಲಿ ಭೂಮಿಯ ಮರುಹಂಚಿಕೆ ನಡೆದು ಬ್ರಿಟಿಷರ ಪರ ಇದ್ದವರು ಪಟ್ಟಾ ಮಾಡಿಸಿಕೊಂಡಿದ್ದರು. ಹಣ, ಬ್ಯಾಂಕಿನ ಪರಿಚಯ, ಮಂತ್ರಿಗಳ ನೆಂಟಸ್ತನ ಇದ್ದವರು ಇಡೀ ಇಡೀ ಎಸ್ಟೇಟುಗಳನ್ನೇ ಕೊಂಡರು. ಬಡವರಿಗೆಂದು ಮಾಡಿದ ಬಡಾವಣೆಗಳಲ್ಲೂ ಹಳೆಯ ಬಿಳಿ ಯಜಮಾನನ ಬಂಗಲೆ, ಅದರ ಸುತ್ತಲಿನ ನೂರು ಎಕರೆಯನ್ನು ಗಣ್ಯರಿಗೆಂದು ತೆಗೆದಿಟ್ಟರು.

ಮುಂಬೈಯಲ್ಲಿ ಲೆಕ್ಕಪರಿಶೋಧನೆ ಮಾಡಿ ಬದುಕುವ ನನ್ನಂಥವನಿಗೆ ಇಲ್ಲಿ ಬೇಸರ ತರುವುದು ಒಂದೇ ವಿಷಯ. ಕದ್ದ ಕುರುಹು ಎಲ್ಲೂ ಇಲ್ಲ. ಸಾಲದ ಪತ್ರ ಸರಿಯಾಗಿದೆ, ಕ್ರಯಪತ್ರ ಸರಿಯಾಗಿದೆ, ಸಹಿ ಸರಿಯಾಗಿದೆ. ಸಾಲ ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂದು ಕೇಳುವ ಕಾಲಂ ಯಾವ ಲೆಡ್ಜರಿನಲ್ಲೂ ಇರುವುದಿಲ್ಲ. ಕೆನ್ಯಾಟಾ ಕುಟುಂಬ ದೇಶದ ಅತಿ ದೊಡ್ಡ ಭೂಮಾಲೀಕ ಕುಟುಂಬಗಳಲ್ಲಿ ಒಂದಾದದ್ದು ಹೀಗೆ ಕಾಗದಪತ್ರ ಇಟ್ಟುಕೊಂಡೇ. ಜನ ಇದಕ್ಕೆ ತಮ್ಮದೇ ಹೆಸರು ಕಂಡುಕೊಂಡರು. ಪೂರ್ವ ಆಫ್ರಿಕದಲ್ಲಿ ಬುಡಕಟ್ಟುಗಳ ಹೆಸರಿಗೆ ಮೊದಲು ‘ವಾ’ ಸೇರಿಸುವ ರೂಢಿ. ಮರ್ಸಿಡಿಸ್ ಬೆಂಜ್ ಕಾರಿನಲ್ಲಿ ಓಡಾಡುವ ಹೊಸ ಬುಡಕಟ್ಟಿಗೆ ಅವರಿಟ್ಟ ಹೆಸರು ವಾಬೆಂಜಿ.

ಇದರ ವಿರುದ್ಧ ದನಿ ಎತ್ತಿದವರು ಇದ್ದರು. ಬಿಲ್ದಾದ್ ಕಗ್ಗಿಯ ಅವರು ಕಪೆಂಗುರಿಯದಲ್ಲಿ ಕೆನ್ಯಾಟಾ ಜೊತೆಯಲ್ಲೇ ಶಿಕ್ಷೆ ಅನುಭವಿಸಿದವರು. ಭೂಮಿ ಇಲ್ಲದವರಿಗೆ ಭೂಮಿ ಪುಕ್ಕಟೆ ಕೊಡಬೇಕು ಎಂದು ಪಟ್ಟು ಹಿಡಿದು 1964ರಲ್ಲಿ ಸರ್ಕಾರದ ಹುದ್ದೆ ಕಳೆದುಕೊಂಡರು. 1965ರಲ್ಲಿ ಒಂದು ಬಹಿರಂಗ ಸಭೆ. ಸಾವಿರಾರು ಜನರ ಎದುರು, ಕಗ್ಗಿಯ ವೇದಿಕೆಯ ಮೇಲಿರುವಾಗಲೇ ಕೆನ್ಯಾಟಾ ಅವರನ್ನು ಹೆಸರು ಹಿಡಿದು ಕೇಳಿದರು: ನಾವೆಲ್ಲ ಒಟ್ಟಿಗೆ ಜೈಲಿನಲ್ಲಿದ್ದೆವು, ಇಂಥವನು ಇಷ್ಟು ದೊಡ್ಡ ಮನೆ ಕಟ್ಟಿಸಿದ, ಇಂಥವನು ತೋಟ ಮಾಡಿದ, ನೀನು ನಿನಗಾಗಿ ಏನು ಮಾಡಿಕೊಂಡೆ ಎಂಬ ಅರ್ಥದ ಮಾತು. ಕಳ್ಳತನ ಸಿಕ್ಕಿಬಿದ್ದವನಿಗೆ ಆಗಬೇಕಾದ ಅವಮಾನ ಕೈ ಶುದ್ಧ ಇಟ್ಟುಕೊಂಡವನಿಗೆ ಆಯಿತು. ಕೆನ್ಯಾದ ಜನರ ಭ್ರಮೆ ಎಂದು ಹರಿಯಿತು ಎಂದು ಯಾರಾದರೂ ಕೇಳಿದರೆ ನಾನು ಈ ಸಭೆಯನ್ನೇ ತೋರಿಸುತ್ತೇನೆ. ದೊಡ್ಡ ಹಗರಣಗಳೆಲ್ಲ ಆಮೇಲೆ ಬಂದವು.

ಪಿಂಟೊ ಅವರದು ಇನ್ನೂ ಅಪಾಯದ ದಾರಿ. ಅವರು ಭಾಷಣಕ್ಕಿಂತ ಸಂಘಟನೆ ಬಲ್ಲವರು. ಪತ್ರಿಕೆ ನಡೆಸುತ್ತಿದ್ದರು, ಅದಕ್ಕೆ ನೆಹರೂ ಅವರಿಂದ ನೆರವು ತಂದಿದ್ದರು. ಪಕ್ಷದ ಕಾರ್ಯಕರ್ತರಿಗೆ ತರಬೇತಿ ಕೊಡುವ ಲುಮುಂಬಾ ಸಂಸ್ಥೆಯನ್ನು ಕಟ್ಟುವುದರಲ್ಲಿ ಕೈ ಹಾಕಿದ್ದರು. 1964ರಲ್ಲಿ ಸಂಸತ್ ಸದಸ್ಯರೂ ಆದರು. ಉಪಾಧ್ಯಕ್ಷ ಒಗಿಂಗಾ ಒಡಿಂಗಾ ಅವರ ಬಣಕ್ಕೆ ಲೆಕ್ಕ ಬರೆಯುವವರು, ತಂತ್ರ ಹೂಡುವವರು ಅವರೇ. ಸಂಸತ್ತಿನಲ್ಲಿ ಬಹುಮತ ಅತ್ತಿಂದಿತ್ತ ವಾಲಬಹುದು ಎಂಬ ಮಾತು ಎದ್ದಿತ್ತು. ಮೊಜಾಂಬಿಕ್ ಹೋರಾಟಗಾರರಿಗೆ ಹಣ ಕೂಡಿಸುತ್ತಿದ್ದ ಪಿಂಟೊ ತಮಗಾಗಿ ಏನೂ ಕೂಡಿಡಲಿಲ್ಲ.

1965ರ ಫೆಬ್ರುವರಿ 24ರ ಬೆಳಿಗ್ಗೆ ನೈರೋಬಿಯ ವೆಸ್ಟ್‌ಲ್ಯಾಂಡ್ಸ್ ಬಡಾವಣೆಯ ತಮ್ಮ ಮನೆಯ ಗೇಟಿನ ಬಳಿ ಕಾರಿನಲ್ಲಿದ್ದ ಪಿಂಟೊ ಅವರಿಗೆ ಗುಂಡು ಹೊಡೆದರು. ಹಿಂದಿನ ಸೀಟಿನಲ್ಲಿ ಅವರ ಪುಟ್ಟ ಮಗಳಿದ್ದಳು. 38 ತುಂಬಲು ಇನ್ನೂ ಒಂದು ತಿಂಗಳಿತ್ತು. ಕಿಸಿಲು ಮುತುವಾ ಎಂಬ ಯುವಕನನ್ನು ಹಿಡಿದರು, ಗಲ್ಲು ಎಂದರು, ಆಮೇಲೆ ಜೀವಾವಧಿ ಎಂದರು. ಆತ ತಾನು ಕೊಂದಿಲ್ಲ ಎಂದೇ ಹೇಳುತ್ತಾ 2001ರಲ್ಲಿ ಮುದುಕನಾಗಿ ಹೊರಬಂದ. ಕೊಲ್ಲಿಸಿದವರು ಯಾರು ಎಂಬುದು ನ್ಯಾಯಾಲಯದಲ್ಲಿ ಇಂದಿಗೂ ತೀರ್ಮಾನವಾಗಿಲ್ಲ. ಸ್ವತಂತ್ರ ಕೆನ್ಯಾದ ಮೊದಲ ರಾಜಕೀಯ ಕೊಲೆ ಎಂದು ಮಾತ್ರ ಎಲ್ಲರೂ ಒಪ್ಪುತ್ತಾರೆ. ಆಮೇಲೆ 1969ರಲ್ಲಿ ಟಾಮ್ ಎಂಬೋಯ, 1975ರಲ್ಲಿ ಜೆ.ಎಂ. ಕರಿಯುಕಿ, ದಾರಿ ಆಗಿಹೋಗಿತ್ತು.

ಮುರುಂಬಿ ಮುರಿದುಹೋದದ್ದು ಆ ದಿನ. ಹೊಸ ಸರ್ಕಾರದ ಮೇಲಿನ ತಮ್ಮ ನಂಬಿಕೆಯೂ ಗೆಳೆಯನ ಜೊತೆ ಹೋಯಿತು ಎನ್ನುವ ಅರ್ಥದಲ್ಲಿ ಅವರು ಮುಂದೆ ಮಾತಾಡಿದ್ದಾರೆ. ಹಾಗಿದ್ದರೆ ಮರುದಿನವೇ ಯಾಕೆ ಬಿಡಲಿಲ್ಲ? ಇದು ಸುಲಭವಾಗಿ ಬಗೆಹರಿಯುವ ಪ್ರಶ್ನೆಯಲ್ಲ. ಅವರು ವಿದೇಶಾಂಗ ಸಚಿವರಾಗಿ ಇನ್ನೂ ಒಂದು ವರ್ಷಕ್ಕೂ ಹೆಚ್ಚು ಕಾಲ ಮುಂದುವರಿದರು. 1966ರ ಮಾರ್ಚ್‌ನಲ್ಲಿ ಲಿಮುರು ಎಂಬಲ್ಲಿ ಪಕ್ಷದ ಸಮಾವೇಶ ಕರೆದು ಒಡಿಂಗಾ ಅವರನ್ನು ಮೂಲೆಗೆ ತಳ್ಳಿದರು. ಒಡಿಂಗಾ ಪಕ್ಷ ಬಿಟ್ಟು, ಕಗ್ಗಿಯ ಜೊತೆ ಬೇರೆ ಪಕ್ಷ ಕಟ್ಟಿದರು. ಖಾಲಿಯಾದ ಉಪಾಧ್ಯಕ್ಷ ಸ್ಥಾನವನ್ನು ಕೆನ್ಯಾಟಾ ಮೇ ತಿಂಗಳಲ್ಲಿ ಕೊಟ್ಟದ್ದು ಮುರುಂಬಿಗೆ, ಮುರುಂಬಿ ಒಪ್ಪಿದರು. ಯಾವ ಬುಡಕಟ್ಟಿನ ಬಲವೂ ಇಲ್ಲದ, ಯಾರಿಗೂ ಬೆದರಿಕೆಯಲ್ಲದ, ಹೊರಗಿನವರ ಕಣ್ಣಿಗೆ ಸಭ್ಯವಾಗಿ ಕಾಣುವ ಮನುಷ್ಯ. ತಮ್ಮ ಒಳ್ಳೆಯತನವನ್ನು ಪರದೆಯ ಹಾಗೆ ಇಳಿಬಿಡಲಾಗಿದೆ ಎಂದು ಅವರಿಗೆ ಹೊಳೆಯಲು ಹೆಚ್ಚು ದಿನ ಬೇಕಾಗಿರಲಿಲ್ಲ ಎಂದು ನನ್ನ ಊಹೆ. ವರ್ಷ ಮುಗಿಯುವ ಮೊದಲೇ ಹೊರಬಂದರು.

ಹೊರಬಂದವರು ಬಾಯಿ ಬಿಡಲಿಲ್ಲ. ಒಡಿಂಗಾ ಮರುವರ್ಷ ಆತ್ಮಕಥೆ ಬರೆದು, ಸ್ವಾತಂತ್ರ್ಯ ಇನ್ನೂ ಬಂದಿಲ್ಲ ಎಂಬರ್ಥದ ಹೆಸರನ್ನೇ ಅದಕ್ಕಿಟ್ಟರು. 1969ರಲ್ಲಿ ಅವರ ಪಕ್ಷ ನಿಷೇಧವಾಗಿ ಸೆರೆಮನೆ ಸೇರಿದರು. ಕಗ್ಗಿಯ ಚುನಾವಣೆ ಸೋತರು, ಕೊನೆಯವರೆಗೂ ಸಾದಾ ಬದುಕು ಬದುಕಿದರು. ಮುರುಂಬಿ ಮಾತ್ರ ಆರೋಗ್ಯ ಎಂದರು, ರೋತ್‌ಮನ್ಸ್ ಸಿಗರೇಟು ಕಂಪನಿಯ ಕೆನ್ಯಾ ಶಾಖೆಯ ಅಧ್ಯಕ್ಷರಾಗಿ ಕಾರು ಹತ್ತಿದರು. ಉಪಾಧ್ಯಕ್ಷನೇ ಎದ್ದು ನಿಂತು ಇದು ಸರಿಯಿಲ್ಲ ಎಂದಿದ್ದರೆ ಜನರಿಗೆ ಎಷ್ಟು ಧೈರ್ಯ ಬರುತ್ತಿತ್ತೋ. ಅಥವಾ ವೆಸ್ಟ್‌ಲ್ಯಾಂಡ್ಸ್‌ನ ಆ ಗೇಟು ಅವರ ಕಣ್ಣ ಮುಂದೆ ಇತ್ತೋ. ಪುಣೆ, ಮುಂಬೈ, ಹೈದರಾಬಾದಿನ ಕಚೇರಿಗಳಲ್ಲಿ ಕೂತು ರಾಜಕೀಯ ನಮ್ಮಂಥವರಿಗಲ್ಲ ಎಂದು ಹೇಳಿಕೊಳ್ಳುವ ನಾವು ಅವರನ್ನು ಹೇಡಿ ಎನ್ನುವ ಹಕ್ಕು ಇಟ್ಟುಕೊಂಡಿಲ್ಲ. ಆದರೂ ಅವರ ಮೌನದಿಂದ ಲಾಭವಾದದ್ದು ಯಾರಿಗೆ ಎಂಬುದು ಸ್ಪಷ್ಟ. 1971ರಲ್ಲಿ ಎನ್‌ಡೆಗ್ವಾ ಆಯೋಗದ ವರದಿ ಬಂದು, ಸರ್ಕಾರಿ ನೌಕರರು ಹುದ್ದೆಯಲ್ಲಿದ್ದುಕೊಂಡೇ ಸ್ವಂತ ವ್ಯಾಪಾರ ಮಾಡಬಹುದು ಎಂಬುದಕ್ಕೆ ಬಾಗಿಲು ತೆರೆಯಿತು. ಅಲ್ಲಿಗೆ ಮಂತ್ರಿಯಿಂದ ಗುಮಾಸ್ತನವರೆಗೆ ಎಲ್ಲರಿಗೂ ಪರವಾನಗಿ ಸಿಕ್ಕಂತಾಯಿತು.

ರಾಜಕೀಯ ಬಿಟ್ಟ ಮುರುಂಬಿ ನೈರೋಬಿಯ ಮುತೈಗಾ ಬಡಾವಣೆಯ ತಮ್ಮ ಮನೆಯನ್ನು ಪುಸ್ತಕ, ಶಿಲ್ಪಗಳಿಂದ ತುಂಬಿದರು. 1900ಕ್ಕಿಂತ ಹಿಂದೆ ಅಚ್ಚಾದ ಅಪರೂಪದ ಪುಸ್ತಕಗಳೇ 8,000ಕ್ಕೂ ಹೆಚ್ಚು. ಅಮೆರಿಕದ ಆಲನ್ ಡೊನೊವನ್ ಜೊತೆ ಸೇರಿ 1970ರ ದಶಕದ ಆರಂಭದಲ್ಲಿ ಆಫ್ರಿಕನ್ ಹೆರಿಟೇಜ್ ಎಂಬ ಕಲಾ ಗ್ಯಾಲರಿ ತೆರೆದರು. ಇಡೀ ಖಂಡದ ಕುಶಲಕರ್ಮಿಗಳ ಕೆಲಸ ಒಂದೇ ಸೂರಿನಡಿ ಮಾರಾಟಕ್ಕೆ ಬಂತು. ವಸಾಹತು ಕಾಲದಲ್ಲಿ ಆಫ್ರಿಕದ ವಸ್ತುಗಳೆಲ್ಲ ಯುರೋಪಿನ ಮ್ಯೂಸಿಯಂಗಳಿಗೆ ಹೋದವು. ಇವರು ಅಲ್ಲಿಂದ ದುಡ್ಡು ಕೊಟ್ಟು ಒಂದೊಂದೇ ವಾಪಸು ತಂದರು. ದೇಶ ಕಟ್ಟುವ ಕೆಲಸ ಸಂಪುಟದಲ್ಲಿ ಆಗದಿದ್ದರೆ ಕಪಾಟಿನಲ್ಲಿ ಆಗಲಿ ಎಂದುಕೊಂಡರೇನೋ.

ಆ ಸಂಗ್ರಹಕ್ಕೆ ಹೊರದೇಶಗಳಿಂದ ಹೆಚ್ಚಿನ ಬೆಲೆ ಬಂದಿತ್ತು. ಮುರುಂಬಿ ಅದನ್ನು ದೇಶದ ಹೊರಗೆ ಕೊಡಲು ಒಪ್ಪದೆ, ಕಡಿಮೆ ಬೆಲೆಗೆ ಕೆನ್ಯಾ ಸರ್ಕಾರಕ್ಕೇ ಮಾರಿದರು, ಮುತೈಗಾದ ಮನೆಯ ಸಮೇತ. ಆ ಮನೆಯಲ್ಲೇ ಆಫ್ರಿಕ ಅಧ್ಯಯನದ ಸಂಸ್ಥೆಯೊಂದು ಬರಬೇಕು, ಪುಸ್ತಕಗಳು ಅಲ್ಲಿಯೇ ಇರಬೇಕು, ಓದುವ ಹುಡುಗರು ಬರಬೇಕು, ಇದು ಒಪ್ಪಂದದ ಹಿಂದಿನ ಮಾತು. ಯಾವ ಸರ್ಕಾರವನ್ನು ನಂಬಲಾರದೆ ಎದ್ದು ಬಂದಿದ್ದರೋ ಅದನ್ನೇ ಈ ಒಂದು ವಿಷಯದಲ್ಲಿ ನಂಬಿದರು.

ದಂಪತಿ ಟ್ರಾನ್ಸ್‌ಮಾರಾ ಎಂಬ ಮಾಸಾಯಿ ಸೀಮೆಯ ಇಂಟೋನಾದಲ್ಲಿ ದೊಡ್ಡ ಮನೆ ಕಟ್ಟಿ ಹೊರಟುಹೋದರು. ಅಮ್ಮನ ಜನರ ನೆಲ, ದನಕರು, ಸುತ್ತ ಕಾಡು. ಇತ್ತ ಮುತೈಗಾದಲ್ಲಿ ಸಂಸ್ಥೆ ಬರಲೇ ಇಲ್ಲ. ಮನೆ ಖಾಸಗಿಯವರ ಕೈಗೆ ಹೋಯಿತು, ಬುಲ್ಡೋಜರ್ ಬಂತು. ಮುರುಂಬಿ ಜತನದಿಂದ ಬೆಳೆಸಿದ್ದ ನಾಡಮರಗಳೂ ಉರುಳಿದವು. ಲಕ್ವ ಹೊಡೆದು ಗಾಲಿಕುರ್ಚಿ ಹಿಡಿದಿದ್ದ ಕಾಲದಲ್ಲಿ ಅವರು ಆ ಜಾಗಕ್ಕೆ ಹೋಗಿ ಅದನ್ನು ಕಂಡರು, ಅಲ್ಲಿಂದ ಮತ್ತೆ ಚೇತರಿಸಿಕೊಳ್ಳಲಿಲ್ಲ ಎಂದು ಅವರ ಆಪ್ತರು ಹೇಳುತ್ತಾರೆ. 1990ರ ಜೂನ್ 22ರಂದು, 79 ತುಂಬಿದ ನಾಲ್ಕನೇ ದಿನ, ತೀರಿಕೊಂಡರು.

ಪುಸ್ತಕಗಳು ಮಾತ್ರ ಉಳಿದವು. ನೈರೋಬಿಯ ನಡುವೆ ರಾಷ್ಟ್ರೀಯ ದಾಖಲೆಗಳ ಭಂಡಾರವಿದೆ. ಆ ಕಟ್ಟಡ ಒಂದು ಕಾಲಕ್ಕೆ ನ್ಯಾಷನಲ್ ಬ್ಯಾಂಕ್ ಆಫ್ ಇಂಡಿಯಾದ್ದು. ಅದರೊಳಗೆ ಮುರುಂಬಿ ಹೆಸರಿನ ಗ್ಯಾಲರಿ ಇದೆ. ಕೆಲಸಕ್ಕೆಂದು ನೈರೋಬಿಗೆ ಹೋಗುವ ನಮ್ಮವರು ಸಿಂಹ ನೋಡಲು ಮಾಸಾಯಿ ಮಾರಾಕ್ಕೆ ಓಡುವ ಮೊದಲು ಅರ್ಧ ಗಂಟೆ ಇಲ್ಲಿ ಹೋಗಿ ಬರಬಹುದು.

ಅವರ ಕೊನೆಯ ಆಸೆ ಪಿಂಟೊ ಸಮಾಧಿಯ ಹತ್ತಿರ ತಮ್ಮನ್ನು ಮಣ್ಣು ಮಾಡಬೇಕು ಎಂಬುದು. ನೈರೋಬಿಯ ಸಿಟಿ ಪಾರ್ಕ್ ಎಂಬ ಹಳೆಯ ಉದ್ಯಾನದಲ್ಲಿ, ಸ್ಮಶಾನದ ಬೇಲಿಯ ಪಕ್ಕ, ಜಾಗ ಸಿಕ್ಕಿತು. ಶೀಲಾ 2000ದಲ್ಲಿ ತೀರಿಕೊಂಡಾಗ ಅವರನ್ನೂ ಅಲ್ಲಿಯೇ ಇಟ್ಟರು. ಆ ಹೊತ್ತಿಗೆ ಸಾರ್ವಜನಿಕ ಭೂಮಿಯನ್ನು ಬೇಕಾದವರಿಗೆ ಬರೆದುಕೊಡುವ ಚಾಳಿ ಸಿಟಿ ಪಾರ್ಕಿಗೂ ಬಂದಿತ್ತು, ಉದ್ಯಾನದ ತುಂಡುಗಳು ಖಾಸಗಿ ಹೆಸರಿಗೆ ಹೋಗಿದ್ದವು. 2004ರಲ್ಲಿ ಎನ್‌ಡುಂಗು ಆಯೋಗ ಲೆಕ್ಕ ಹಾಕಿದಾಗ ದೇಶದಲ್ಲಿ ಇಂಥ ಅಕ್ರಮ ಹಕ್ಕುಪತ್ರಗಳು ಸುಮಾರು 2 ಲಕ್ಷ. ಮರಗಳ ಮೇಲೆ ಪ್ರೀತಿಯಿದ್ದ ಕೆಲವು ನಾಗರಿಕರು ಪಾರ್ಕ್ ಉಳಿಸಲು ಹೋರಾಡುತ್ತಾ ಬಂದರು. 2009ರಲ್ಲಿ ಸಮಾಧಿಯ ಸುತ್ತ ತೋಟ ಮಾಡಿ ಆಫ್ರಿಕದ ಶಿಲ್ಪಿಗಳು ಕಡೆದ ಕಲ್ಲುಗಳನ್ನು ನಿಲ್ಲಿಸಿದರು. ಅಲ್ಲಿಂದ ಪಿಂಟೊ ಸಮಾಧಿಗೆ ನಡೆದೇ ಹೋಗಬಹುದು.